ಅಂಟುವಾಳದ ಗುಟ್ಟಿನ ಹಿಂದೆ 130 ವರ್ಷ

ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಕಿವುಚಿದರೆ ಪಾತ್ರೆ ತುಂಬ ನೊರೆ ಬರುತ್ತದೆ. ರೇಷ್ಮೆ ಸೀರೆ ಒಗೆಯಲು, ತಲೆ ತೊಳೆಯಲು, ಅಕ್ಕಸಾಲಿಗರು ಒಡವೆ ಹೊಳಪಿಸಲು ಇದನ್ನೇ ಬಳಸುತ್ತಿದ್ದರು. ಕೆಲವು ಕಡೆ ಈಗಲೂ ಬಳಸುತ್ತಾರೆ. ಸೀಗೆಕಾಯಿಯದೂ ಇದೇ ಗುಣ.

ಈ ನೊರೆ ಎಲ್ಲಿಂದ ಬಂತು? ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತು ಇರುತ್ತದೆ. ಸಪೋನಿನ್ನಿನ ಒಂದು ಭಾಗ ಜಿಡ್ಡಿಗೆ ಅಂಟುವಂಥದ್ದು. ಅದಕ್ಕೆ ಜೋತುಬಿದ್ದ ಇನ್ನೊಂದು ಭಾಗ ಸಕ್ಕರೆ. ನಾವು ಕಾಫಿಗೆ ಹಾಕುವ ಸಕ್ಕರೆಯೇ ಅಲ್ಲ, ಅದರ ಬಂಧುಬಳಗ. ಅಂದರೆ ಅಂಟುವಾಳದ ಮರ ಸಕ್ಕರೆಯಿಂದ ಸೋಪು ಮಾಡುತ್ತದೆ. ಒಲೆ ಉರಿಸದೆ, ಆಸಿಡ್ ಸುರಿಯದೆ, ಮರದ ನೆರಳಿನಷ್ಟೇ ತಂಪಿನಲ್ಲಿ ಮಾಡುತ್ತದೆ.

ಮನುಷ್ಯರು ಇದೇ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಲು ಹೊರಟು 130 ವರ್ಷ ದಾಟಿತು. ಅರ್ಧ ದಾರಿ ಬಂದಿದ್ದಾರೆ. ಆ ದಾರಿಯ ಕಥೆ ಇದು. ನಮ್ಮ ಕೆರೆಗಳ ನೊರೆಗೂ ಈ ಕಥೆಗೂ ಸಂಬಂಧ ಇದೆ.

ತಲೆ ನೀರಿಗೆ, ಬಾಲ ಜಿಡ್ಡಿಗೆ

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಬಟ್ಟೆಯ ಜಿಡ್ಡು ಬರೀ ನೀರಿಗೆ ಬಿಡುವುದಿಲ್ಲ. ಇವೆರಡರ ನಡುವೆ ನಿಂತು ಸಂಧಾನ ಮಾಡುವ ವಸ್ತು ಬೇಕು. ಅದಕ್ಕೊಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲ ಹೋಗಿ ಜಿಡ್ಡಿನೊಳಗೆ ಹೊಕ್ಕುತ್ತದೆ, ತಲೆ ನೀರಿನ ಕಡೆ ಎಳೆಯುತ್ತದೆ, ಜಿಡ್ಡು ಬಟ್ಟೆ ಬಿಟ್ಟು ನೀರಿನ ಜೊತೆ ಹೋಗುತ್ತದೆ. ಇಂಥ ವಸ್ತುಗಳಿಗೆಲ್ಲ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಸೋಪು, ಬಟ್ಟೆ ಪುಡಿ, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲದರ ಜೀವಾಳ ಇದೇ. ಬೆಳೆಗೆ ಔಷಧಿ ಹೊಡೆಯುವಾಗ ಹನಿ ಎಲೆಯಿಂದ ಜಾರದೆ ಹರಡಲಿ ಎಂದು ಬೆರೆಸುವ ಅಂಟು ದ್ರಾವಣವೂ ಇದೇ ಜಾತಿ.

ಹಳೆಯ ಸೋಪು ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ ಮಾಡಿದ್ದು. ಒಳ್ಳೆಯದೇ, ಆದರೆ ಅದಕ್ಕೊಂದು ದೌರ್ಬಲ್ಯ. ಬೋರ್‌ವೆಲ್ ನೀರಲ್ಲಿ ಸೋಪು ಸರಿಯಾಗಿ ನೊರೆ ಬಿಡದೆ ಬಕೆಟ್ಟಿನ ಸುತ್ತ ಬಿಳಿ ಕೆನೆಯಂತೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಗಡಸು ನೀರಿನ ಸುಣ್ಣದಂಶ ಸೋಪಿನ ತಲೆಯನ್ನು ಹಿಡಿದು ಗಟ್ಟಿ ಮಾಡಿಬಿಡುತ್ತದೆ. ಸೋಪಿನ ತಲೆಯಲ್ಲಿ ವಿದ್ಯುದಂಶ ಇರುವುದೇ ಇದಕ್ಕೆ ಕಾರಣ. ಸಕ್ಕರೆಯ ತಲೆಗೆ ಆ ವಿದ್ಯುದಂಶ ಇಲ್ಲ. ಸುಣ್ಣದಂಶ ಅದನ್ನು ಹಿಡಿಯಲಾರದು. ಸಕ್ಕರೆ ತಲೆಯ ಸರ್ಫ್ಯಾಕ್ಟೆಂಟ್ ಬೋರ್‌ವೆಲ್ ನೀರಲ್ಲೂ ಕೆಲಸ ಮಾಡುತ್ತದೆ.

1893, ಬರ್ಲಿನ್

ಸಕ್ಕರೆಗೆ ಬಾಲ ಕಟ್ಟುವ ಸುಲಭ ದಾರಿಯನ್ನು ತೋರಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಶರ್. 1893ರಲ್ಲಿ ಅವರು ಗ್ಲೂಕೋಸನ್ನು ಆಲ್ಕೋಹಾಲಿನಲ್ಲಿ ಹಾಕಿ, ಸ್ವಲ್ಪ ಆಸಿಡ್ ಸೇರಿಸಿ, ಎರಡನ್ನೂ ಬೆಸೆದರು. ಹೀಗೆ ಬೆಸೆದ ವಸ್ತುವಿಗೆ ಗ್ಲೂಕೋಸೈಡ್ ಎಂದು ಹೆಸರು. ಫಿಶರ್‌ಗೆ ಬಟ್ಟೆ ಒಗೆಯುವ ಯೋಚನೆ ಇರಲಿಲ್ಲ. ಅವರು ಬಳಸಿದ ಆಲ್ಕೋಹಾಲುಗಳು ತುಂಡು ಬಾಲದವು, ಅವಕ್ಕೆ ನೊರೆ ಬರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಸಕ್ಕರೆಯ ಒಳರಚನೆ ತಿಳಿಯುವುದು. ಆ ಕೆಲಸಕ್ಕೆ 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಫಿಶರ್ ಮಾಡಿದ ಗ್ಲೂಕೋಸೈಡ್‌ಗಳಲ್ಲಿ ಎರಡು ಬಗೆ ಇದ್ದವು. ಎರಡರಲ್ಲೂ ಇರುವ ಸಾಮಾನು ಒಂದೇ, ಆದರೆ ಎಡಗೈ ಬಲಗೈಗಳ ಹಾಗೆ ಜೋಡಣೆಯ ದಿಕ್ಕು ಬೇರೆ. ಅವರು ಇವನ್ನು ಕಿಣ್ವಗಳಿಗೆ ಕೊಟ್ಟು ನೋಡಿದರು.

ಕಿಣ್ವ ಎಂದರೆ ಜೀವಿಗಳ ಒಳಗೆ ಕೆಲಸ ಮಾಡಿಸುವ ಪ್ರೋಟೀನು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಸಿಹಿ ಬರುತ್ತದಲ್ಲ, ಅದು ಮೊಳಕೆಯ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆದದ್ದು. ಬಾದಾಮಿಯಲ್ಲಿ ಎಮಲ್ಸಿನ್ ಎಂಬ ಕಿಣ್ವ ಇರುವುದನ್ನು ಲೀಬಿಗ್ ಮತ್ತು ವೋಲರ್ ಎಂಬ ಜರ್ಮನ್ ವಿಜ್ಞಾನಿಗಳು 1837ರಲ್ಲೇ ವಿವರಿಸಿದ್ದರು. ಫಿಶರ್ ನೋಡಿದ್ದು ಇದನ್ನು: ಬಾದಾಮಿಯ ಕಿಣ್ವ ಒಂದು ಬಗೆಯ ಗ್ಲೂಕೋಸೈಡನ್ನು ಮಾತ್ರ ಒಡೆಯಿತು, ಇನ್ನೊಂದನ್ನು ಮುಟ್ಟಲಿಲ್ಲ. ಯೀಸ್ಟಿನ ಕಿಣ್ವ ಆ ಇನ್ನೊಂದನ್ನು ಒಡೆಯಿತು, ಮೊದಲನೆಯದನ್ನು ಮುಟ್ಟಲಿಲ್ಲ. 1894ರಲ್ಲಿ ಅವರು ಇದನ್ನು ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು. ಈ ಹೋಲಿಕೆ ಇಂದಿಗೂ ಶಾಲೆಯ ಪುಸ್ತಕಗಳಲ್ಲಿದೆ.

ಸಕ್ಕರೆಗೆ ಬಾಲ ಕಟ್ಟುವ ವಿದ್ಯೆ ಮತ್ತು ಕಿಣ್ವದ ಗುಣ ಹೀಗೆ ಒಬ್ಬರ ಕೈಯಲ್ಲೇ, ಒಂದು ವರ್ಷದ ಅಂತರದಲ್ಲಿ ಕೂಡಿಕೊಂಡವು. ಆದರೆ ಅಲ್ಲಿ ಕಟ್ಟಿದ್ದು ಆಸಿಡ್, ಒಡೆದದ್ದು ಕಿಣ್ವ.

ಬಿಚ್ಚುವ ಕೈಯೇ ಗಂಟು ಹಾಕಿತು

ಒಡೆಯುವ ಕಿಣ್ವದಿಂದಲೇ ಕಟ್ಟಿಸಬಹುದೇ? ಇಂಗ್ಲೆಂಡಿನಲ್ಲಿ ಆರ್ಥರ್ ಕ್ರಾಫ್ಟ್ ಹಿಲ್ 1898ರಲ್ಲಿ ಇದಕ್ಕೆ ಹೌದು ಎಂದು ತೋರಿಸಿದರು. ಜೋಡಿ ಸಕ್ಕರೆಯನ್ನು ಒಡೆಯುವ ಯೀಸ್ಟ್ ಕಿಣ್ವವನ್ನು ತುಂಬಾ ಮಂದವಾದ ಗ್ಲೂಕೋಸ್ ಪಾಕದಲ್ಲಿ ಇಟ್ಟಾಗ ಅದು ಬಿಡಿ ಸಕ್ಕರೆಗಳನ್ನು ಜೋಡಿಸತೊಡಗಿತು. 1900ರಲ್ಲಿ ಅಮೆರಿಕದ ಕ್ಯಾಸ್ಲ್ ಮತ್ತು ಲೋವೆನ್‌ಹಾರ್ಟ್ ಕೊಬ್ಬು ಕರಗಿಸುವ ಲೈಪೇಸ್ ಕಿಣ್ವದಲ್ಲೂ ಇದೇ ಗುಣ ಕಂಡರು.

ಪ್ಯಾರಿಸ್ಸಿನ ಔಷಧ ವಿಜ್ಞಾನಿ ಎಮಿಲ್ ಬೂರ್ಕಲೋ ಇನ್ನೊಂದು ಹೆಜ್ಜೆ ಮುಂದೆ ಹೋದರು. 1911ರಿಂದೀಚೆಗೆ ಅವರು ಮತ್ತು ಅವರ ಜೊತೆಗಾರ ಮಾರ್ಕ್ ಬ್ರಿಡೆಲ್ ಬಾದಾಮಿಯ ಎಮಲ್ಸಿನ್ನನ್ನೇ ತೆಗೆದುಕೊಂಡು, ಆಲ್ಕೋಹಾಲ್ ಹೆಚ್ಚು ಮತ್ತು ನೀರು ಕಡಿಮೆ ಇರುವ ದ್ರಾವಣದಲ್ಲಿ ಗ್ಲೂಕೋಸಿನ ಜೊತೆ ಬಿಟ್ಟರು. ಕಿಣ್ವ ಸಕ್ಕರೆಗೂ ಆಲ್ಕೋಹಾಲಿಗೂ ಗಂಟು ಹಾಕಿತು. ಫಿಶರ್ ಆಸಿಡ್‌ನಿಂದ ಮಾಡಿದ ವಸ್ತು ಆಸಿಡ್ ಇಲ್ಲದೆ ಸಿಕ್ಕಿತು. ಅದೂ ಎರಡು ಬಗೆ ಬೆರೆತದ್ದಲ್ಲ, ಒಂದೇ ಬಗೆ.

ಇದರ ಹಿಂದಿನ ಲೆಕ್ಕ ಸರಳ. ಸಕ್ಕರೆ ಮತ್ತು ಆಲ್ಕೋಹಾಲ್ ಕೂಡುವಾಗ ಒಂದು ನೀರಿನ ಕಣ ಹೊರಗೆ ಬೀಳುತ್ತದೆ. ಬಿಡಿಸುವಾಗ ಒಂದು ನೀರಿನ ಕಣ ಒಳಗೆ ಹೋಗುತ್ತದೆ. ಸುತ್ತ ನೀರು ತುಂಬಿದ್ದರೆ ಗಂಟು ಬಿಚ್ಚುತ್ತಲೇ ಇರುತ್ತದೆ. ನೀರು ಕಡಿಮೆ ಇದ್ದರೆ ಗಂಟು ಬೀಳುತ್ತದೆ. ಕಿಣ್ವಕ್ಕೆ ಎರಡೂ ಒಂದೇ. ಯಾವುದು ಗೆಲ್ಲಬೇಕು ಎಂದು ತೀರ್ಮಾನಿಸುವುದು ನೀರು. ಮುಂದೆ ಈ ಕೆಲಸಕ್ಕೆ ಕೈ ಹಾಕಿದ ಪ್ರತಿಯೊಬ್ಬರೂ ಗುದ್ದಾಡಿದ್ದು ಈ ನೀರಿನ ಜೊತೆಗೇ.

ಪೆಟ್ರೋಲಿಯಂ ಬಂತು, ಸಕ್ಕರೆ ಮೂಲೆ ಸೇರಿತು

ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಕೊಬ್ಬಿನ ಬರ ಬಂತು. ತಿನ್ನಲಿಕ್ಕೇ ಇಲ್ಲದಾಗ ಸೋಪಿಗೆಲ್ಲಿಂದ? ಅಲ್ಲಿನ ಬಿಎಎಸ್‌ಎಫ್ ಕಂಪನಿ 1917ರಲ್ಲಿ ಕಲ್ಲಿದ್ದಲ ಡಾಂಬರಿನ ರಾಸಾಯನಿಕಗಳಿಂದ ನೆಕಾಲ್ ಎಂಬ ಕೃತಕ ಸರ್ಫ್ಯಾಕ್ಟೆಂಟ್ ಮಾಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪೆಟ್ರೋಲಿಯಂ ಹೇರಳವಾಗಿ ಸಿಗತೊಡಗಿ, 1946ರಲ್ಲಿ ಅಮೆರಿಕದಲ್ಲಿ ಟೈಡ್ ಬಂತು. ನಮ್ಮ ದೇಶಕ್ಕೆ ಸರ್ಫ್ ಬಂದದ್ದು 1959ರಲ್ಲಿ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯ್ ಪಟೇಲ್ ಶುರು ಮಾಡಿದ ನಿರ್ಮಾ ಬಟ್ಟೆ ಪುಡಿಯನ್ನು ಹಳ್ಳಿಯ ಮನೆಗಳಿಗೂ ಎಟುಕುವ ಬೆಲೆಗೆ ಇಳಿಸಿತು. ಒಗೆಯುವ ಕಲ್ಲಿನ ಮುಂದೆ ಕೂತ ಹೆಂಗಸರ ರಟ್ಟೆಗೆ ಇದರಿಂದ ಸಿಕ್ಕ ಬಿಡುವು ಸಣ್ಣದಲ್ಲ.

ಸಕ್ಕರೆ ಸರ್ಫ್ಯಾಕ್ಟೆಂಟ್ ಪೂರ್ತಿ ಮರೆತುಹೋಗಿರಲಿಲ್ಲ. 1930ರ ದಶಕದಲ್ಲಿ ಜರ್ಮನಿಯಲ್ಲಿ ಉದ್ದ ಬಾಲದ ಗ್ಲೂಕೋಸೈಡುಗಳನ್ನು ತೊಳೆಯುವುದಕ್ಕೆ ಬಳಸಬಹುದೆಂದು ಪೇಟೆಂಟ್ ಅರ್ಜಿ ಬಿತ್ತು. ಆದರೆ ಪೆಟ್ರೋಲಿಯಂ ಅಗ್ಗ. ಅರ್ಜಿ ಕಾಗದದಲ್ಲೇ ಉಳಿಯಿತು.

ಅಗ್ಗದ ಬೆಲೆ ತೆರಬೇಕಾಗಿ ಬಂದದ್ದು ಹೊಳೆಗಳು. ಆರಂಭದ ಕೃತಕ ಸರ್ಫ್ಯಾಕ್ಟೆಂಟುಗಳ ಬಾಲ ಮುಳ್ಳುಗಂಟಿಯ ಹಾಗೆ ಕವಲೊಡೆದದ್ದು. ಮಣ್ಣಿನ, ನೀರಿನ ಬ್ಯಾಕ್ಟೀರಿಯಾಗಳಿಗೆ ಅದನ್ನು ಅಗಿಯಲು ಆಗಲಿಲ್ಲ. 1950ರ ದಶಕದಲ್ಲಿ ಯುರೋಪಿನ ನದಿಗಳ ಮೇಲೆ ನೊರೆಯ ಗುಡ್ಡೆಗಳು ತೇಲಿದವು. ಅಮೆರಿಕದ ಕೆಲವು ಊರುಗಳಲ್ಲಿ ಕುಡಿಯುವ ನಲ್ಲಿಯಲ್ಲೇ ನೊರೆ ಬಂತು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ, 1964ರಿಂದ ಕೊಳೆಯದ ಡಿಟರ್ಜೆಂಟುಗಳಿಗೆ ಕಡಿವಾಣ ಹಾಕಿತು. ಕಂಪನಿಗಳು ಕವಲಿಲ್ಲದ ನೇರ ಬಾಲಕ್ಕೆ ಬದಲಾದವು. ಇಂದಿನ ಬಹುಪಾಲು ಬಟ್ಟೆ ಪುಡಿಗಳಲ್ಲಿರುವ ಎಲ್‌ಎಎಸ್ ಈ ನೇರ ಬಾಲದ್ದು. ಗಾಳಿಯಾಡುವ ನೀರಿನಲ್ಲಿ ಅದು ಕೊಳೆಯುತ್ತದೆ. ಗಾಳಿಯಾಡದ ಕೊಳಚೆಯಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಸಕ್ಕರೆ ಮರಳಿ ಬಂತು, ಆಸಿಡ್ ಜೊತೆಗೆ

1970ರ ದಶಕದಲ್ಲಿ ಪೆಟ್ರೋಲಿಯಂ ಬೆಲೆ ಏರಿತು, ಪರಿಸರದ ಮಾತೂ ಏರಿತು. ಸಕ್ಕರೆಯ ಕಡತ ಮತ್ತೆ ತೆರೆಯಿತು. ಜರ್ಮನಿಯ ಹೆಂಕೆಲ್ ಕಂಪನಿ 1992ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ವರ್ಷಕ್ಕೆ 25,000 ಟನ್ ಸಾಮರ್ಥ್ಯದ ಗ್ಲೂಕೋಸೈಡ್ ಕಾರ್ಖಾನೆ ತೆರೆಯಿತು. 1995ರಲ್ಲಿ ತನ್ನೂರು ಡುಸೆಲ್‌ಡಾರ್ಫ್‌ನಲ್ಲಿ ಅಷ್ಟೇ ದೊಡ್ಡ ಇನ್ನೊಂದನ್ನು ಕಟ್ಟಿತು. ಫಿಶರ್ ಅವರ ಪ್ರಯೋಗಕ್ಕೆ ಆಗ ನೂರು ವರ್ಷ ತುಂಬಿತ್ತು.

ಮಾಡುವ ವಿಧಾನ ಹೀಗಿದೆ. ಜೋಳ ಅಥವಾ ಗೋಧಿಯ ಪಿಷ್ಟದಿಂದ ಬಂದ ಗ್ಲೂಕೋಸ್ ಒಂದು ಕಡೆ. ತೆಂಗಿನೆಣ್ಣೆ ಅಥವಾ ತಾಳೆ ಬೀಜದ ಎಣ್ಣೆಯಿಂದ ಮಾಡಿದ ಉದ್ದ ಬಾಲದ ಆಲ್ಕೋಹಾಲ್ ಇನ್ನೊಂದು ಕಡೆ. ಇದು ಕುಡಿಯುವ ಮದ್ಯವಲ್ಲ, ಜಿಡ್ಡುಜಿಡ್ಡಾದ ಪದಾರ್ಥ. ಎರಡಕ್ಕೂ ಆಸಿಡ್ ಸೇರಿಸಿ 100 ಡಿಗ್ರಿಗಿಂತ ಮೇಲೆ ಕಾಯಿಸುತ್ತಾರೆ. ಹುಟ್ಟುವ ನೀರನ್ನು ನಿರ್ವಾತದಲ್ಲಿ ಎಳೆದು ತೆಗೆಯುತ್ತಾರೆ. ಮಿಕ್ಕಿದ ಆಲ್ಕೋಹಾಲನ್ನು ಮತ್ತೆ ಬಿಸಿ ಮಾಡಿ ಭಟ್ಟಿ ಇಳಿಸುತ್ತಾರೆ. ಬೆಲ್ಲದ ಪಾಕ ಹೊತ್ತಿದರೆ ಕಪ್ಪಾಗುವ ಹಾಗೆ ಇಲ್ಲೂ ಸಕ್ಕರೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಿಳುಪು ಮಾಡಬೇಕು. ಸಿಗುವ ವಸ್ತು ಮೃದು, ಚೆನ್ನಾಗಿ ನೊರೆ ಬಿಡುತ್ತದೆ, ಗಾಳಿ ಇದ್ದರೂ ಇಲ್ಲದಿದ್ದರೂ ಕೊಳೆಯುತ್ತದೆ. ಆದರೆ ಮಾಡಲು ಇಂಧನ ಬೇಕು, ಬೆಲೆಯೂ ಹೆಚ್ಚು.

ಇಲ್ಲಿ ಕಿಣ್ವ ಬಂದರೆ? ಬೆಂಕಿ ಕಡಿಮೆ, ಕಂದುಬಣ್ಣ ಇಲ್ಲ, ಬೇಕಾದ ಒಂದೇ ಬಗೆಯ ವಸ್ತು. ಆಸೆ ಹುಟ್ಟಿದ್ದು ಇದಕ್ಕೇ.

ನೀರಿಲ್ಲದೆ ಬದುಕಿದ ಕಿಣ್ವ

ಕಿಣ್ವ ನೀರಲ್ಲೇ ಕೆಲಸ ಮಾಡಬೇಕು ಎಂದು ಬಹುಕಾಲ ನಂಬಿದ್ದರು. 1984ರಲ್ಲಿ ಅಮೆರಿಕದ ಎಂಐಟಿಯ ಅಲೆಕ್ಸಾಂಡರ್ ಕ್ಲಿಬಾನೊವ್ ಮತ್ತು ಅಲೆಕ್ಸಿ ಜಾಕ್ಸ್ ಆ ನಂಬಿಕೆ ಅಲ್ಲಾಡಿಸಿದರು. ಹಂದಿಯ ಮೇದೋಜೀರಕ ಗ್ರಂಥಿಯ ಲೈಪೇಸನ್ನು ಒಣಗಿಸಿ, ನೀರು ಹೆಚ್ಚುಕಡಿಮೆ ಇಲ್ಲದ ದ್ರಾವಕದಲ್ಲಿ 100 ಡಿಗ್ರಿಗೆ ಕಾಯಿಸಿದರೂ ಅದು ಕೆಲಸ ಮಾಡಿತು. ನೀರಿನಲ್ಲಾದರೆ ಅಷ್ಟು ಬಿಸಿಗೆ ಅದು ಬೇಗನೆ ಕೆಡುತ್ತದೆ. ಬೂರ್ಕಲೋ ನೀರು ಕಡಿಮೆ ಮಾಡಿದ್ದರು, ಇವರು ಬಹುತೇಕ ತೆಗೆದೇಬಿಟ್ಟರು.

ಇನ್ನೊಂದು ತೊಡಕು ಉಳಿದಿತ್ತು. ಸಕ್ಕರೆ ಜಿಡ್ಡಿನಲ್ಲಿ ಕರಗುವುದಿಲ್ಲ. ಎರಡನ್ನೂ ಕರಗಿಸುವ ದ್ರಾವಕಗಳು ವಿಷ. ಮನೆಮಂದಿ ಮುಟ್ಟುವ ಸೋಪಿಗೆ ಅವು ಬೇಡ. 1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ನೋವೋ ಕಂಪನಿಯ ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡರು. ಮೊದಲು ಗ್ಲೂಕೋಸಿಗೆ ಫಿಶರ್ ವಿಧಾನದಲ್ಲೇ ಒಂದು ಪುಟ್ಟ ಬಾಲ ಕಟ್ಟಿದರು. ಅದು ಕರಗಿದ ಕೊಬ್ಬಿನಾಮ್ಲದ ಜೊತೆ ಹೊಂದಿಕೊಂಡಿತು. ಬೇರೆ ದ್ರಾವಕವೇ ಬೇಕಾಗಲಿಲ್ಲ. ಸುಮಾರು 70 ಡಿಗ್ರಿ ಬಿಸಿಯಲ್ಲಿ ಲೈಪೇಸ್ ಉದ್ದ ಬಾಲವನ್ನು ಬೆಸೆಯಿತು. ಹುಟ್ಟಿದ ನೀರನ್ನು ನಿರ್ವಾತದಲ್ಲಿ ಆಗಾಗಲೇ ಹೊರಗೆಳೆದರು. ಅವರು ಬಳಸಿದ ಲೈಪೇಸ್ ಮೂಲದಲ್ಲಿ ಅಂಟಾರ್ಕ್ಟಿಕಾದ ಕೆಸರಲ್ಲಿ ಸಿಕ್ಕ ಯೀಸ್ಟ್ ಒಂದರದ್ದು. ಅದನ್ನು ಸಣ್ಣ ಮಣಿಗಳಿಗೆ ಅಂಟಿಸಿದರೆ ಕೆಲಸ ಮುಗಿದ ಮೇಲೆ ಜರಡಿ ಹಿಡಿದು ಮತ್ತೆ ಬಳಸಬಹುದು.

ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲೂ 2000ದ ದಶಕದಲ್ಲಿ ಈ ದಿಕ್ಕಿನ ಕೆಲಸ ನಡೆಯಿತು. ಪಿಷ್ಟವನ್ನು ಗ್ಲೂಕೋಸಾಗಿ ಒಡೆಯುವ ಕಿಣ್ವವನ್ನೇ ಹಿಂದುಮುಂದಾಗಿ ನಡೆಸಿ, ಗ್ಲೂಕೋಸಿಗೆ ಆಲ್ಕೋಹಾಲ್ ಕಟ್ಟಿಸಿದರು.

ಹಾಗಿದ್ದರೂ ಕಿಣ್ವದ ಸೋಪು ಅಂಗಡಿಯ ಸಾಲು ತುಂಬಲಿಲ್ಲ. ಕಿಣ್ವ ದುಬಾರಿ, ಕೆಲಸ ನಿಧಾನ. ಇನ್ನೊಂದು ವಿಚಿತ್ರ ತೊಡಕೂ ಇದೆ. ಬಟ್ಟೆಯ ಜಿಡ್ಡು ತೆಗೆಯಲೆಂದು ಡಿಟರ್ಜೆಂಟ್ ಪುಡಿಗೆ ಲೈಪೇಸ್ ಸೇರಿಸುವ ರೂಢಿ 1988ರಲ್ಲಿ ಅದೇ ನೋವೋ ಕಂಪನಿಯ ಕಿಣ್ವದಿಂದ ಶುರುವಾಯಿತು. ಲೈಪೇಸ್ ಕಟ್ಟಿದ ಗಂಟನ್ನು ಬಕೆಟ್ಟಿನ ನೀರಲ್ಲಿ ಲೈಪೇಸೇ ಬಿಚ್ಚಬಲ್ಲದು. ಬಟ್ಟೆ ಪುಡಿಯ ಕ್ಷಾರವೂ ಬಿಚ್ಚುತ್ತದೆ. ಹಾಗಾಗಿ ಇಂಥ ವಸ್ತು ಕ್ರೀಮು, ಆಹಾರ ಪದಾರ್ಥಗಳಿಗೆ ಒಗ್ಗುತ್ತದೆ, ಬಟ್ಟೆ ಪುಡಿಗೆ ಒಗ್ಗುವುದು ಕಷ್ಟ.

ಮರ ನೀರಿನಲ್ಲೇ ಹೇಗೆ ಮಾಡುತ್ತದೆ?

ಇಲ್ಲಿ ನಿಮಗೆ ಒಂದು ಪ್ರಶ್ನೆ ಬಂದಿರಬೇಕು. ಅಂಟುವಾಳದ ಮರದ ಒಳಗೆಲ್ಲ ನೀರೇ. ಅಲ್ಲಿ ಗಂಟು ಬಿಚ್ಚದೆ ಹೇಗೆ ಬೀಳುತ್ತದೆ?

ಇದಕ್ಕೆ ಉತ್ತರದ ಎಳೆ ಸಿಕ್ಕಿದ್ದು ಅರ್ಜೆಂಟೀನಾದಲ್ಲಿ. ಬ್ಯೂನಸ್ ಐರಿಸ್‌ನ ಒಂದು ಸಣ್ಣ ಸಂಸ್ಥೆಯಲ್ಲಿದ್ದ ಲೂಯಿಸ್ ಲೆಲ್ವಾರ್ ಮತ್ತು ಜೊತೆಗಾರರು 1950ರ ಹೊತ್ತಿಗೆ ಯುಡಿಪಿ-ಗ್ಲೂಕೋಸ್ ಎಂಬ ವಸ್ತುವನ್ನು ಕಂಡುಹಿಡಿದರು. ಇದಕ್ಕೆ 1970ರ ನೊಬೆಲ್ ಬಂತು. ಜೀವಕೋಶ ಬರೀ ಸಕ್ಕರೆಯನ್ನು ಬಳಸುವುದಿಲ್ಲ. ಮೊದಲು ಅದಕ್ಕೆ ಶಕ್ತಿ ತುಂಬಿ, ಎಳೆದು ಹಿಡಿದ ಬಿಲ್ಲಿನ ಹಾಗೆ ಸಿದ್ಧ ಮಾಡಿಟ್ಟುಕೊಳ್ಳುತ್ತದೆ. ಕಿಣ್ವ ಆ ಬಿಲ್ಲನ್ನು ಬಿಟ್ಟಾಗ ಸಕ್ಕರೆ ಹೋಗಿ ಸರಿಯಾದ ಜಾಗಕ್ಕೆ ಕೂರುತ್ತದೆ. ಸುತ್ತ ನೀರಿದ್ದರೂ ಹಿಂದಕ್ಕೆ ಬರುವುದಿಲ್ಲ. ಗಿಡಗಳು ಸಪೋನಿನ್‌ಗೆ ಸಕ್ಕರೆ ತೊಡಿಸುವುದೂ ಹೀಗೆಯೇ.

ಆ ಶಕ್ತಿ ತುಂಬುವ ಕೆಲಸ ಕಾರ್ಖಾನೆಯ ಡ್ರಮ್ಮಿನಲ್ಲಿ ತುಂಬಾ ದುಬಾರಿ. ಆದರೆ ಜೀವಂತ ಯೀಸ್ಟ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಕೆನಡಾದ ವಿಜ್ಞಾನಿಗಳು 1961ರಲ್ಲಿ ಒಂದು ಯೀಸ್ಟ್ ಸಕ್ಕರೆ ತಲೆ, ಕೊಬ್ಬಿನ ಬಾಲದ ವಸ್ತುವನ್ನು ತಾನಾಗಿ ಹೊರಹಾಕುವುದನ್ನು ವರದಿ ಮಾಡಿದರು. ಅದಕ್ಕೆ ಸೊಫೊರೊಲಿಪಿಡ್ ಎಂದು ಹೆಸರು. ಇಂದು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಯೀಸ್ಟ್ ಮೊದಲು ಸಿಕ್ಕಿದ್ದು ದೊಡ್ಡ ದುಂಬಿಯಂಥ ಜೇನಿನ ತುಪ್ಪದಲ್ಲಿ. ಅದಕ್ಕೆ ಸಕ್ಕರೆ ಮತ್ತು ಅಡುಗೆ ಎಣ್ಣೆಯ ಮೇವು ಹಾಕಿದರೆ ಸಾಕು. ಜಪಾನಿನ ಸರಾಯಾ ಕಂಪನಿ 2001ರಲ್ಲಿ ಇದರಿಂದ ಪಾತ್ರೆ ತೊಳೆಯುವ ಸಾಮಗ್ರಿ ತಂದಿತು. ಬ್ಯಾಕ್ಟೀರಿಯಾದಿಂದ ಬರುವ ರ‍್ಯಾಮ್ನೋಲಿಪಿಡ್ ಎಂಬ ಇನ್ನೊಂದು ಸಕ್ಕರೆ ಸರ್ಫ್ಯಾಕ್ಟೆಂಟಿಗೆ ಎವೋನಿಕ್ ಕಂಪನಿ ಸ್ಲೊವಾಕಿಯಾದಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆ 2024ರಲ್ಲಿ ತೆರೆಯಿತು. ಕಿಣ್ವವನ್ನು ಹೊರಗೆ ತೆಗೆದು ದುಡಿಸುವ ಬದಲು ಕಿಣ್ವ ಇರುವ ಜೀವಿಯನ್ನೇ ಸಾಕುವ ದಾರಿ ಇದು. ಈಗ ಹೆಚ್ಚು ಮುಂದೆ ಹೋಗುತ್ತಿರುವ ದಾರಿಯೂ ಇದೇ.

ನಮ್ಮ ಕೆರೆಗೆ ಬಂದರೆ

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡಿತು. ನೊರೆ ಗಾಳಿಗೆ ಹಾರಿ ರಸ್ತೆಗೆ ಬೀಳುತ್ತಿತ್ತು. ನಗರದ ಮನೆಮನೆಯ ಬಚ್ಚಲ ನೀರು ಸಂಸ್ಕರಣೆಯಾಗದೆ ಅಲ್ಲಿಗೆ ಸೇರುತ್ತಿದ್ದದ್ದು ಇದಕ್ಕೆ ದೊಡ್ಡ ಕಾರಣ. ಮೇಲೆ ನೆನಪಿಡಲು ಹೇಳಿದ ಮಾತು ಇಲ್ಲಿಗೆ ಬೇಕು: ಕೊಳಚೆಯಲ್ಲಿ ಗಾಳಿಯಂಶ ಇರುವುದಿಲ್ಲ, ಗಾಳಿ ಇಲ್ಲದ ಕಡೆ ಎಲ್‌ಎಎಸ್ ಕೊಳೆಯುವುದಿಲ್ಲ. ಅದು ಕೆಸರಲ್ಲಿ ಕೂತು, ಮಳೆಗೆ ಕದಡಿದಾಗ, ಕೋಡಿಯಲ್ಲಿ ನೀರು ಧುಮುಕಿದಾಗ ನೊರೆಯಾಗಿ ಏಳುತ್ತದೆ. ಬೆಳ್ಳಂದೂರಿನಿಂದ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಗಡಿ ದಾಟಿದರೆ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲೂ ನೊರೆ. ನಗರದವರು ಒಗೆದ ಬಟ್ಟೆಯ ನೀರು ಕೆಳಗಿನ ಹಳ್ಳಿಯ ಹೊಲಕ್ಕೆ ಬರುತ್ತದೆ.

ಗಾಳಿ ಇಲ್ಲದೆಯೂ ಕೊಳೆಯುವ ಸಕ್ಕರೆ ಸರ್ಫ್ಯಾಕ್ಟೆಂಟಿಗೆ ಬೆಲೆ ಬರುವುದು ಇಂಥ ಕಡೆ. ಹಾಗೆಂದು ಅದನ್ನು ಸಂಜೀವಿನಿ ಎಂದುಕೊಳ್ಳಬೇಕಿಲ್ಲ. ಕೊಳಚೆ ನೀರು ಸಂಸ್ಕರಿಸದೆ ಬಿಟ್ಟರೆ ಯಾವ ಸೋಪು ಬಳಸಿದರೂ ಕೆರೆ ಸಾಯುತ್ತದೆ. ಮರದಿಂದ ಬಂದದ್ದೆಲ್ಲ ನಿರಪಾಯವೂ ಅಲ್ಲ. ಅಂಟುವಾಳದ ಸಪೋನಿನ್ ನೀರಲ್ಲಿ ಹೆಚ್ಚಾದರೆ ಮೀನು ಸಾಯುತ್ತದೆ. ಬಾಲಕ್ಕೆ ಬೇಕಾದ ತಾಳೆ ಎಣ್ಣೆಗಾಗಿ ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಕಾಡು ಕಡಿದದ್ದೂ ಈ ಲೆಕ್ಕದಲ್ಲಿ ಸೇರಬೇಕು.

ಅಂಗಡಿಯಲ್ಲಿ ಶಾಂಪೂ, ಮಗುವಿನ ಸೋಪು, ಪಾತ್ರೆ ತೊಳೆಯುವ ದ್ರವ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಡೆಸಿಲ್ ಗ್ಲೂಕೋಸೈಡ್, ಲಾರಿಲ್ ಗ್ಲೂಕೋಸೈಡ್, ಕೋಕೋ ಗ್ಲೂಕೋಸೈಡ್ ಎಂದಿದ್ದರೆ ಅದು ಸಕ್ಕರೆ ತಲೆಯದು. ಪಟ್ಟಿಯಲ್ಲಿ ಎಷ್ಟು ಮೇಲಿದೆ ಎಂದೂ ನೋಡಿ. ಮೇಲಿದ್ದಷ್ಟೂ ಪ್ರಮಾಣ ಹೆಚ್ಚು. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರ ಇದ್ದು, ಪಟ್ಟಿಯ ಕೊನೆಯಲ್ಲೆಲ್ಲೋ ಗ್ಲೂಕೋಸೈಡ್ ಇದ್ದರೆ ಆ ಎಲೆಗೆ ಬೆಲೆ ಕೊಡಬೇಕಿಲ್ಲ. ಈ ಗ್ಲೂಕೋಸೈಡುಗಳು ಇಂದಿಗೂ ಬಹುಪಾಲು ಫಿಶರ್ ತೋರಿಸಿದ ಆಸಿಡ್ ದಾರಿಯಲ್ಲೇ ಬರುತ್ತಿವೆ. ಕಿಣ್ವದ ದಾರಿ ಅಗ್ಗವಾಗುವ ತನಕ, ಬಡವರ ಬಟ್ಟೆ ಪುಡಿಯ ಬೆಲೆಗೆ ಇಳಿಯುವ ತನಕ, ಕೆರೆಯ ನೊರೆ ಕಡಿಮೆಯಾಗಲು ನಾವು ಕೇಳಬೇಕಾದದ್ದು ಎರಡು: ಮೇಲಿನ ಊರಿನ ಕೊಳಚೆ ಸಂಸ್ಕರಣೆಯಾಗುತ್ತಿದೆಯೇ, ಮತ್ತು ನಮ್ಮ ಒಗೆಯುವ ಕಲ್ಲು ಕೆರೆಯ ಒಳಗಿದೆಯೇ ಹೊರಗಿದೆಯೇ.